ನೂರಕ್ಕೆ ಇಪ್ಪತ್ತೈದು ಕಡಿಮೆ

ಮೋಟಾರು ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ತಾಮ್ರದ ತಂತಿ ಸುತ್ತಿದವನನ್ನು ಊರೆಲ್ಲ ವೈಂಡರಪ್ಪ ಎಂದೇ ಕರೆಯುತ್ತಿತ್ತು. ಸುರುಳಿಗಳ ಸುತ್ತು ಹೆಚ್ಚುಕಡಿಮೆಯಾದರೆ ಮೋಟಾರು ಬಿಸಿಯೇರಿ ಸುಟ್ಟುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಸರಿಸಮ ಮಾಡುವ ಚಟ ಅವನಿಗೆ ಮನೆಯಲ್ಲೂ ಅಂಟಿಕೊಂಡಿತ್ತು. ಹಣ್ಣು ಕೊಯ್ದರೂ ನಾಲ್ಕು ಹೋಳು ತೂಗಿ ಇಟ್ಟಂತಿರಬೇಕು. ಕಂಪನಿ ಹಳೆಯ ಕೆಲಸಗಾರರಿಗೆ ಷೇರು ಹಂಚಿ ಇವನಿಗೆ ಮುನ್ನೂರು ಕೊಟ್ಟಾಗ ಬೇರೆಯವರಂತೆ ಬೀರುವಿನಲ್ಲಿಟ್ಟು ಸುಮ್ಮನಿದ್ದನೇ? ತನಗೆ, ಹೆಂಡತಿಗೆ, ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಎಪ್ಪತ್ತೈದು ಬರೆಸಿಬಿಟ್ಟ.

ಕಿರಿಮಗಳು ಚಿನಕುರಳಿ. "ನಾನೂ ಈಗ ಮಾಲೀಕಳು ಕಣಪ್ಪಾ. ನಿನ್ನ ಮ್ಯಾನೇಜರ್‌ಗೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದುಬಿಡ್ಲಾ?" ಎಂದು ಮನೆಯೆಲ್ಲ ಓಡಾಡಿದ್ದಳು.

ಮರುವರ್ಷವೇ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡು ಹೋದವಳು ನಡೆದುಕೊಂಡು ಬರಲಿಲ್ಲ.

ಬ್ಯಾಂಕಿಗೆ, ಕಾಲೇಜಿಗೆ, ಎಲ್ಲ ಕಡೆಗೂ ತಿಳಿಸಿದರು. ಕಂಪನಿಗೆ ಮಾತ್ರ ವೈಂಡರಪ್ಪ ತಿಳಿಸಲಿಲ್ಲ. ವರ್ಷಕ್ಕೊಮ್ಮೆ ಕಂಪನಿಯ ವರದಿ ಪುಸ್ತಕ ನಾಲ್ಕು ಪ್ರತಿ ಬರುತ್ತಿತ್ತು. ಅದರಲ್ಲೊಂದು ಅವಳ ಹೆಸರಿಗೆ. ಅಂಚೆಯವನು ಅವಳ ಹೆಸರನ್ನು ಗಟ್ಟಿಯಾಗಿ ಕೂಗಿ ಕೊಡುತ್ತಿದ್ದ. ಅದೊಂದು ಕೂಗಿಗಾಗಿ ವೈಂಡರಪ್ಪ ವರ್ಷವಿಡೀ ಕಾಯುತ್ತಿದ್ದ. ಹುಚ್ಚು ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ.

ಅಷ್ಟರಲ್ಲಿ ಕಂಪನಿ ನೆಲ ಕಚ್ಚಿತು. ಷೇರಿನ ಬೆಲೆ ಒಂದು ಲೋಟ ಚಹಾಕ್ಕೂ ಸಾಲದಷ್ಟು ಇಳಿಯಿತು. ಮಾನ ಉಳಿಸಿಕೊಳ್ಳಲು ದೊಡ್ಡವರು ಒಂದು ಉಪಾಯ ಹೂಡಿ ಎಲ್ಲರಿಗೂ ನೋಟಿಸು ಕಳಿಸಿದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹಿರಿಮಗಳು ಅದನ್ನು ಓದಿ ಹೇಳಿದಳು.

"ಹಳೇ ನೂರು ಷೇರು ಸೇರಿಸಿ ಒಂದು ಮಾಡ್ತಾರಂತೆ ಅಪ್ಪಾ. ಒಂದರ ಬೆಲೆ ನೂರು ಪಟ್ಟು ಕಾಣುತ್ತೆ."

"ಅಂದ್ರೆ ನಮಗೆ ಲಾಭವಾ?"

"ಏನೂ ಇಲ್ಲ. ಇದ್ದದ್ದು ಇದ್ದ ಹಾಗೇ, ಲೆಕ್ಕ ಬೇರೆ ಅಷ್ಟೆ. ಆದ್ರೆ ನೂರಕ್ಕಿಂತ ಕಡಿಮೆ ಇರೋರಿಗೆ ಚಿಲ್ಲರೆ ಕಾಸು ಕೊಟ್ಟು ಹೆಸರು ತೆಗೆದುಹಾಕ್ತಾರೆ. ನಮ್ಮದೆಲ್ಲ ಎಪ್ಪತ್ತೈದು."

ಮುನ್ನೂರನ್ನೂ ಒಬ್ಬರ ಹೆಸರಲ್ಲೇ ಬಿಟ್ಟಿದ್ದರೆ ಮೂರು ಷೇರು ಉಳಿಯುತ್ತಿದ್ದವು. ಸರಿಸಮ ಮಾಡಲು ಹೋಗಿ ನಾಲ್ವರನ್ನೂ ಹೊರಗೆ ನಿಲ್ಲಿಸಿದ್ದ. ಆದರೆ ದಾರಿ ಸುಲಭವಿತ್ತು. ಗಡುವಿನೊಳಗೆ ಒಬ್ಬೊಬ್ಬರಿಗೂ ಇಪ್ಪತ್ತೈದು ಷೇರು ಕೊಂಡರಾಯಿತು. ಅಷ್ಟು ಅಗ್ಗದ ಷೇರು ಬೇರೆಲ್ಲೂ ಸಿಕ್ಕುವಂತಿರಲಿಲ್ಲ.

ವೈಂಡರಪ್ಪ ಒಗೆದ ಅಂಗಿ ತೊಟ್ಟು ಷೇರು ಕಚೇರಿಗೆ ಒಬ್ಬನೇ ಹೋದ. ಗಾಜಿನ ಹಿಂದೆ ಕೂತಿದ್ದ ಗುಮಾಸ್ತೆ ಒಳ್ಳೆಯ ಹುಡುಗಿ. ಪರದೆಯ ಮೇಲೆ ನಾಲ್ಕು ಖಾತೆ ತೆರೆದು ನೋಡಿದಳು.

"ಮೂರಕ್ಕೆ ತೊಂದರೆ ಇಲ್ಲ ಸಾರ್. ಇದೊಂದು ಸ್ಥಗಿತವಾಗಿದೆ, ವಿವರ ಹೊಸದು ಮಾಡಿಸಿಲ್ಲ. ಅವರನ್ನೇ ಕರ್ಕೊಂಡು ಬನ್ನಿ. ಕ್ಯಾಮೆರಾ ಮುಂದೆ ಮುಖ ತೋರಿಸಿದ್ರೆ ಮುಗೀತು."

"ಊರಲ್ಲಿಲ್ಲ ಅವಳು."

"ಯಾವಾಗ ಬರ್ತಾರೆ?"

ಅವನು ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದ. ಹಿಂದೆ ನಿಂತವರು ಗೊಣಗಲು ಶುರುಮಾಡಿದರು. ಇಷ್ಟು ವರ್ಷ ತನ್ನ ಬಾಯಿಂದ ಯಾರೆದುರೂ ಆಡದ ಮಾತನ್ನು ಅವನು ಆ ಗಾಜಿನ ತೂತಿನೊಳಗೆ ಹೇಳಬೇಕಾಯಿತು.

"ತೀರಿಕೊಂಡಿದಾಳಮ್ಮ."

ಹುಡುಗಿ ಪೆಚ್ಚಾದಳು. ಸಮಾಧಾನ ಮಾಡುವ ಆತುರದಲ್ಲಿ, "ಬೇಜಾರಾಗಬೇಡಿ ಸಾರ್, ನಾಮಿನಿ ನೀವೇ ಇದ್ದೀರ. ಅವರ ಎಪ್ಪತ್ತೈದು ನಿಮ್ಮದಕ್ಕೆ ಸೇರಿದ್ರೆ ನೂರೈವತ್ತು. ಉಳಿದಿಬ್ಬರಿಗೆ ಕೊಂಡ್ರೆ ಸಾಕು, ನಿಮಗೆ ಕೊಳ್ಳೋದೇ ಬೇಡ, ಒಂದು ಹೊಸ ಷೇರು ಹಾಗೇ ಬರುತ್ತೆ. ಅನುಕೂಲವೇ ಆಯ್ತು," ಎಂದು ಫಾರಂ ಕೊಟ್ಟಳು. ಪಾಪ, ಅವಳಿಗೇನು ಗೊತ್ತು! ಮಗಳು ಸತ್ತದ್ದರಿಂದ ಆಗುವ ಅನುಕೂಲವನ್ನು ಮಡಿಸಿ ಜೇಬಿಗಿಟ್ಟುಕೊಂಡು ಅವನು ಮನೆಗೆ ನಡೆದ.

ಊಟ ಸೇರಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಎಲ್ಲ ಹೇಳಿದ. "ತಿಳಿಸದಿದ್ರೆ ಅವಳ ಹೆಸರನ್ನ ಅವರೇ ಅಳಿಸ್ತಾರೆ. ತಿಳಿಸಿದ್ರೆ ನಾನೇ ಅಳಿಸಿದ ಹಾಗೆ."

"ರೀ, ಅವಳನ್ನ ಚಿಲ್ಲರೆ ಲೆಕ್ಕಕ್ಕೆ ಬಿಡ್ಬೇಡಿ. ನಿಮ್ಮ ಜೊತೆಗೆ ಸೇರಿಸ್ಕೊಳ್ಳಿ."

"ಇಷ್ಟು ದಿನ ಆ ಪುಸ್ತಕ ಬರೋದನ್ನ ನೋಡಿಯೂ ನೀನು ಏನೂ ಅನ್ನಲಿಲ್ಲ."

"ನೀವು ಸ್ನಾನಕ್ಕೆ ಹೋದಾಗ ನಾನೂ ತೆಗೆದು ಅವಳ ಹೆಸರು ಓದ್ತಿದ್ದೆ," ಎಂದಳು.

ಅವನಿಗೆ ದುಃಖ ಉಕ್ಕಿ ಬಂತು. ಮಗುವಿನ ಹಾಗೆ ಅತ್ತ. ಅವಳು ತಡೆಯಲಿಲ್ಲ.

ಆಮೇಲೆ ಫಾರಂ ಬಿಡಿಸಿಕೊಂಡು ಕೂತರು. ಹೆಸರು ಬರೆದ. ಸಂಬಂಧ ಎಂಬಲ್ಲಿ ತಂದೆ ಎಂದು ಬರೆದ. ಮರಣದ ದಿನಾಂಕ ಎಂಬಲ್ಲಿ ಕೈ ಓಡಲಿಲ್ಲ. ಹೆಂಡತಿ ಪೆನ್ನು ಇಸಿದುಕೊಂಡು ತಾನೇ ತುಂಬಿದಳು. ಅವನು ಕೆಳಗೆ ಸಹಿ ಹಾಕಿದ.

"ಇನ್ನು ಪುಸ್ತಕ ಮೂರೇ ಬರ್ತವೆ," ಎಂದ.

"ಹೂಂ," ಎಂದಳು ಅವಳು.