ಮಾಸ್ತರರ ತಲೆಗೆ ಸುತ್ತಿದ ರುಮಾಲು

ಕಮತಗಿಯ ಶಾಂತವ್ವನವರಿಗೆ ನಾನು ಎರಡು ಸುಳ್ಳು ಹೇಳಿದ್ದೇನೆ. ಮೊದಲನೆಯದನ್ನು ಅವರ ಗಂಡ ಬದುಕಿದ್ದಾಗ ಹೇಳಿದೆ. ಎರಡನೆಯದನ್ನು ಅವರ ಗಂಡ ತೀರಿಕೊಂಡ ದಿನ, ಹೆಣದ ಮುಂದೆ ನಿಂತು. ಎರಡು ಸಲವೂ ನನ್ನ ದನಿ ನಡುಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನನಗೆ ಮಾತು ಚೆನ್ನಾಗಿ ಬರುತ್ತದೆ — ಹೇಳುತ್ತ ಹೇಳುತ್ತ ನಿಮ್ಮನ್ನೂ ನನ್ನ ಕಡೆ ಮಾಡಿಕೊಂಡುಬಿಟ್ಟೇನು ಎಂಬ ಅನುಮಾನ ನನಗೇ ಇದೆ.

ಮಾತು ಬರುತ್ತದೆಂದೇ ನನಗೆ ಈ ಕೆಲಸ ಸಿಕ್ಕಿದ್ದು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ವಿಶ್ವವಿದ್ಯಾಲಯದವರು ಮಿದುಳಿನ ಸಂಶೋಧನೆಗೆಂದು ಕೇಂದ್ರ ತೆರೆದಿದ್ದರು. ವಯಸ್ಸಾದವರ ಮರೆವು, ಕೈಕಾಲಿನ ನಡುಕ, ಮಿದುಳು ಒಳಗೊಳಗೇ ಸವೆಯುತ್ತ ಹೋಗುವ ಇಂಥ ಕಾಯಿಲೆಗಳನ್ನು ಊರೂರಿಗೆ ಹೋಗಿ ಗುರುತಿಸುವುದು, ಕಾಯಿಲೆಯವರನ್ನು ವರ್ಷಗಟ್ಟಲೆ ನೋಡುತ್ತ ಹೋಗುವುದು, ಒಪ್ಪಿದವರ ಮಿದುಳನ್ನು ಸತ್ತ ಮೇಲೆ ದಾನವಾಗಿ ಪಡೆದು ಪರೀಕ್ಷಿಸುವುದು — ಇದು ಅವರ ಉದ್ದೇಶ. ಡಾಕ್ಟರುಗಳೆಲ್ಲ ಬೆಂಗಳೂರು, ಮೈಸೂರು ಕಡೆಯವರು. ಅವರು ಕೈಮುಗಿದು "ತಾವು ದಯಮಾಡಿ ಸಹಕರಿಸಬೇಕು" ಎಂದರೆ ನಮ್ಮ ಮುದುಕರು ಏನೋ ತಪ್ಪಾಗಿದೆ ಎಂಬಂತೆ ನನ್ನ ಮುಖ ನೋಡುತ್ತಿದ್ದರು. ನಾನು ಹುನಗುಂದದವನು. ಡಾಕ್ಟರರ ಮಾತನ್ನು ನಮ್ಮ ಜನರ ಮಾತಿಗೆ ಇಳಿಸಿ ಹೇಳುವುದು ನನ್ನ ಕೆಲಸ. ಇಲಕಲ್ಲಿನ ನೇಕಾರರ ಓಣಿಯಲ್ಲಿ, ಕೂಡಲಸಂಗಮದ ಅಂಗಡಿಗಳ ಮುಂದೆ, ಎಲ್ಲಿ ಹತ್ತು ಜನ ಕೂಡಿದರೂ ಅಲ್ಲಿ ನಿಂತು ಹೇಳುತ್ತಿದ್ದೆ: "ಇದು ಹತ್ತೂ ಬ್ಯಾನಿ ಅಲ್ರಿ. ಮುಟ್ಟಿದ್ರ ಬರೂದಿಲ್ಲ. ಮನ್ಯಾಗಿನ ಹಿರ್ಯಾರನ್ನ ದೂರ ಮಾಡಬ್ಯಾಡ್ರಿ." ಜನ ನಂಬುತ್ತಿದ್ದರು. ನಾನು ಹೇಳಿದ್ದನ್ನು ಜನ ಯಾವಾಗಲೂ ನಂಬುತ್ತಿದ್ದರು.

ಗುರುಪಾದಪ್ಪ ಮಾಸ್ತರರು ಕಮತಗಿಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮೊದಲು ಬಲಗೈ ನಡುಗತೊಡಗಿತು. ಆಮೇಲೆ ಮರೆವು. ಅದರ ಹಿಂದೆಯೇ, ಅಂಗಳದಲ್ಲಿ ಇಲ್ಲದ ಹುಡುಗರನ್ನು ಕಂಡು ಅವರಿಗೆ ಮಗ್ಗಿ ಹೇಳಿಕೊಡುವುದು. ಇದು ನಡುಕದ ಕಾಯಿಲೆಯೋ, ಮರೆವಿನ ಕಾಯಿಲೆಯೋ, ಎರಡೂ ಸೇರಿದ ಮೂರನೆಯದೋ ಎಂದು ನಮ್ಮ ಡಾಕ್ಟರುಗಳಲ್ಲೇ ಜಗಳ. ಖಚಿತವಾಗಿ ತಿಳಿಯುವುದು ಮಿದುಳನ್ನೇ ತೆಗೆದು ನೋಡಿದಾಗ ಮಾತ್ರ ಎಂದು ಹಿರಿಯ ಡಾಕ್ಟರಮ್ಮ ಹೇಳಿದ ದಿನ ಮಾಸ್ತರರ ಬುದ್ಧಿ ನೆಟ್ಟಗಿತ್ತು, ಅಂಥ ದಿನಗಳು ಆಗ ಇನ್ನೂ ಇದ್ದವು. "ಹಂಗಾರ ತಗದ ನೋಡ್ರಿ. ನನಗ ತಿಳೀಲಾರದ್ದು ನಿಮಗರೆ ತಿಳೀಲಿ," ಎಂದರು. ಆದರೆ ಅವರೊಬ್ಬರು ಒಪ್ಪಿದರೆ ಸಾಲದು, ಮನೆಯವರೂ ಒಪ್ಪಬೇಕು ಎಂಬುದು ನಮ್ಮ ಕೇಂದ್ರದ ನಿಯಮ. ಮನೆಯಲ್ಲಿ ಇದ್ದವರು ಶಾಂತವ್ವ.

ಶಾಂತವ್ವನವರ ಬಗ್ಗೆ ಒಂದು ಸಂಗತಿ ಹೇಳಬೇಕು. ಗಂಡನಿಗೆ ದಿನಾ ಅವರೇ ತಲೆಗೆ ನೀರೆರೆಯುತ್ತಿದ್ದರು. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ, ಬಿಸಿನೀರು, ಕೈ ಅದ್ದಿ ಹದ ನೋಡುವುದು. ತಣ್ಣೀರು ಮೈಗೆ ತಾಗಿದರೆ ಮಾಸ್ತರರ ನಡುಕ ಹೆಚ್ಚಾಗಿ ಹಲ್ಲು ಕಟಕಟಿಸುತ್ತಿದ್ದವು. ಕೊನೆಕೊನೆಗೆ ಹೆಂಡತಿಯನ್ನೇ "ಯಾರವ್ವಾ ನೀ?" ಎನ್ನುತ್ತಿದ್ದ ಮಾಸ್ತರರು, ತಂಬಿಗೆ ಹಂಡೆಗೆ ತಾಗಿದ ಸಪ್ಪಳ ಕೇಳಿದರೆ ಸಾಕು, ತಾನಾಗಿ ತಲೆ ಬಗ್ಗಿಸುತ್ತಿದ್ದರು. "ನನ್ನ ಮಾರಿ ಮರತಾರ, ನೀರ ಮರತಿಲ್ಲ ನೋಡ ತಮ್ಮಾ," ಎಂದು ಶಾಂತವ್ವ ನನಗೆ ಅದನ್ನು ಹೆಮ್ಮೆಯಿಂದ ತೋರಿಸಿದ್ದರು. ಡಾಕ್ಟರಮ್ಮನೂ ಅದನ್ನು ನೋಡಿ ಬಹಳ ಹೊತ್ತು ಏನೇನೋ ಬರೆದುಕೊಂಡರು.

ಮೊದಲ ಸುಳ್ಳು ಅದೇ ಮನೆಯ ಪಡಸಾಲೆಯಲ್ಲಿ ನಡೆಯಿತು. ಒಪ್ಪಿಗೆಯ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಅಚ್ಚಾಗಿತ್ತು — "ಮಿದುಳನ್ನು ಪೂರ್ಣವಾಗಿ ಹೊರತೆಗೆದು ಸಂರಕ್ಷಿಸಲಾಗುವುದು" ಎಂದು. ಶಾಂತವ್ವ ಅದನ್ನು ನನ್ನ ಕಡೆ ಚಾಚಿ, "ಈ ಭಾಷಾ ನನಗ ತಿಳ್ಯಾಂಗಿಲ್ಲ. ನೀನ ಹೇಳು. ಪೂರಾ ಮೆದುಳ ತಗೀತಾರೇನು?" ಎಂದು ನೇರವಾಗಿ ಕೇಳಿದರು.

ನನಗೆ ಹಿಂದಿನ ಮನೆಗಳು ನೆನಪಾದವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ಮಣ್ಣಿಗೆ ಒಪ್ಪಿಸುತ್ತೇವೆ. "ತಲಿ ಖಾಲಿ ಮಾಡಿ ಹೆಂಗ ಕೂಡಸೂದ್ರಿ?" ಎಂದು ಒಂದು ಮನೆಯವರು ಬಾಗಿಲಿಂದಲೇ ಕಳಿಸಿದ್ದರು. ಇನ್ನೊಂದು ಮನೆಯಲ್ಲಿ ಚಹಾ ಕೊಟ್ಟು ಕಳಿಸಿದ್ದರು, ಅಷ್ಟೇ ವ್ಯತ್ಯಾಸ. "ನಿಮ್ಮ ಭಾಗದ ಜನ ಯಾಕೆ ಒಪ್ಪುತ್ತಿಲ್ಲ?" ಎಂದು ಕೇಂದ್ರದ ಸಭೆಯಲ್ಲಿ ಕೇಳಿದಾಗ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನು. ಬೇರೆ ಏನೂ ಇಲ್ಲ — ಆ ನೋಟ ಮತ್ತೊಮ್ಮೆ ಬೇಡವಾಗಿತ್ತು.

"ಇಲ್ರಿ ಅವ್ವಾರ," ಎಂದೆ. "ಒಂಚೂರು. ತಪಾಸ ಮಾಡಾಕ ರಕ್ತಾ ತಗೋತಾರಲ್ರಿ, ಹಂಗ."

"ಕೂಡಸಾಕ ಏನೂ ತೊಂದರಿ ಇಲ್ಲಲ್ಲ?"

"ಏನೂ ಇಲ್ರಿ."

ಅವರು ಸಹಿ ಹಾಕಿದರು. ನಾನು ಅವತ್ತು ವಿದ್ಯಾಗಿರಿಗೆ ಬಂದು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮಾಸ್ತರರು ಒಂದು ಮುಂಜಾನೆ ತೀರಿಕೊಂಡರು. ಶಾಂತವ್ವ ಕೊಟ್ಟ ಮಾತಿನಂತೆ ಮೊದಲು ನಮಗೇ ಫೋನ್ ಮಾಡಿಸಿದರು. ತಡವಾದರೆ ಮಿದುಳು ಕೆಡುತ್ತದೆ. ಆಂಬುಲೆನ್ಸ್ ತಗೊಂಡು ಓಡಿದೆ. ಬಾಗಲಕೋಟೆಯ ಶವಾಗಾರದಲ್ಲಿ ಕೆಲಸ ನಡೆಯಿತು. ಅಲ್ಲಿಯವರು ಯಾವ ಅಗೌರವವನ್ನೂ ಮಾಡಲಿಲ್ಲ, ಅದನ್ನು ಹೇಳಲೇಬೇಕು. ತಲೆಯನ್ನು ಮತ್ತೆ ಮುಚ್ಚಿ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಚ್ಚುಕಟ್ಟಾಗಿ ಹೊಲಿದರು. ನಲ್ಲಿಯ ಪೈಪು ಹಿಡಿದು ರಕ್ತ ತೊಳೆದರು. ಮುಖ ಇದ್ದಂತೆಯೇ ಇತ್ತು. ಆದರೆ ಮಾಸ್ತರರ ತಲೆಯಲ್ಲಿ ಕೂದಲು ಹೇಳಿಕೊಳ್ಳುವಷ್ಟು ಇರಲಿಲ್ಲ. ಹೊಲಿಗೆ ಎದ್ದು ಕಾಣುತ್ತಿತ್ತು.

ಆಗ ನನಗೆ ಜಳಕದ ನೆನಪಾಯಿತು. ಆಗ ನೆನಪಾಯಿತು ಎನ್ನುವುದೂ — ಇಲ್ಲ, ಅದೂ ಪೂರ್ತಿ ಸತ್ಯವಲ್ಲ. ನಮ್ಮಪ್ಪನನ್ನು ಕೂಡಿಸುವ ಮುಂಚೆ ತಲೆಗೆ ನೀರೆರೆದವನು ನಾನೇ. ಆ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಆ ಗಳಿಗೆ ಬರುತ್ತದೆಂದು ಒಳಗೆಲ್ಲೋ ತಿಳಿದಿತ್ತು, ಬಂದಾಗ ನೋಡಿಕೊಂಡರಾಯಿತು ಎಂದುಕೊಂಡಿದ್ದೆ. ದಾರಿಯಲ್ಲಿ ಬಟ್ಟೆ ಅಂಗಡಿ ಕಂಡು ಗಾಡಿ ನಿಲ್ಲಿಸಿ, ಒಂದು ಬಿಳಿ ರುಮಾಲು ತಂದು, ಹಣೆಯಿಂದ ಹಿಂದಕ್ಕೆ ಬಿಗಿಯಾಗಿ ಸುತ್ತಿದೆ. ಜೀವನವಿಡೀ ಟೋಪಿ ಹಾಕಿದ ಮಾಸ್ತರರು ರುಮಾಲು ಸುತ್ತಿಕೊಂಡು ಮನೆಗೆ ಬಂದರು.

ಅಂಗಳದಲ್ಲಿ ಒಲೆ ಹೂಡಿ ಹಂಡೆ ಏರಿಸಿದ್ದರು. ಶಾಂತವ್ವ ಸೆರಗು ಸಿಕ್ಕಿಸಿ, ತಂಬಿಗೆ ಹಿಡಿದು ಕಾಯುತ್ತಿದ್ದರು. ನೀರಿಗೆ ಕೈ ಅದ್ದಿ ಹದ ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. "ಆ ರುಮಾಲ ಬಿಚ್ಚ್ರಿ. ತಲಿಗೆ ಎರೀತೇನಿ," ಎಂದರು.

"ಬ್ಯಾಡ್ರಿ ಅವ್ವಾರ," ಎಂದೆ. "ಔಷಧ ಹಾಕ್ಯಾರ. ತಲಿಗೆ ನೀರ ತಾಗಸಬಾರದು. ಮುಟ್ಟಿದವರಿಗೆ ಬ್ಯಾನಿ ಹತ್ತತೈತಿ."

"ಇಷ್ಟ ವರ್ಷ ಎರದೇನಿ. ನನಗ ಹತ್ತಲಾರದ್ದು ಇವತ್ತ ಹತ್ತತೈತೇನು?"

"ಡಾಕ್ಟ್ರು ಹೇಳ್ಯಾರ್ರಿ."

ಡಾಕ್ಟರು ಹೇಳಿರಲಿಲ್ಲ. ಸುತ್ತ ನಿಂತವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಬಾದಾಮಿಯಿಂದ ಬಂದಿದ್ದ ಮಗಳು ಮಹಾದೇವಿ ತನ್ನ ಮಗನನ್ನು ಬೆನ್ನ ಹಿಂದೆ ಎಳೆದುಕೊಂಡಳು. ಶಾಂತವ್ವ ತಂಬಿಗೆಯಲ್ಲಿ ನೀರು ತುಂಬಿಕೊಂಡರು. ಆಮೇಲೆ ಬಗ್ಗಿ, ಗಂಡನ ಪಾದಗಳ ಮೇಲಷ್ಟೇ ಆ ನೀರು ಹಾಕಿದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ರುಮಾಲಿನ ಕೆಳಗೆ ಉಳಿದ ಹಣೆಗೆ ವಿಭೂತಿ ಹಚ್ಚಿದರು. ನಾನು ಹೆಗಲು ಕೊಟ್ಟೆ. ಎಂಥಾ ಹುಡುಗ, ಸ್ವಂತ ಮಗನ ಹಾಗೆ ನಿಂತ ಎಂದು ಜನ ನನ್ನನ್ನು ಹೊಗಳಿದರು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಮಾಸ್ತರರ ಕಾಯಿಲೆ ಹತ್ತುವಂಥದ್ದಂತೆ ಎಂದು ಓಣಿಯಲ್ಲಿ ಮಾತಾಯಿತು. ಪಕ್ಕದ ಮನೆಯವರು ಶಾಂತವ್ವನವರ ಮಜ್ಜಿಗೆ ಒಯ್ಯುವುದನ್ನು ಬಿಟ್ಟರು. ಮಹಾದೇವಿಯ ಅತ್ತೆ ಶಾಲೆಯ ಸೂಟಿಯಲ್ಲಿ ಮೊಮ್ಮಗನನ್ನು ಕಮತಗಿಗೆ ಕಳಿಸಲಿಲ್ಲ. ಮುಂದೊಮ್ಮೆ ನಾನು ಅದೇ ಊರಿನಲ್ಲಿ ನಿಂತು "ಇದು ಹತ್ತೂ ಬ್ಯಾನಿ ಅಲ್ರಿ" ಎಂದಾಗ ಒಬ್ಬರು ಎದ್ದು, "ಮಾಸ್ತರ ಮನ್ಯಾಗ ನೀವ ಬ್ಯಾರೆ ಹೇಳಿದ್ರೆಲ್ರಿ?" ಎಂದು ಕೇಳಿದರು. ಅದು ಔಷಧದ ಮಾತು, ಇದು ಕಾಯಿಲೆಯ ಮಾತು ಎಂದು ಏನೋ ತೊದಲಿ ಪಾರಾದೆ. ಇಡೀ ಜಿಲ್ಲೆಯಲ್ಲಿ ಆ ಹೆದರಿಕೆಯನ್ನು ಕಳೆಯಲೆಂದು ಸಂಬಳ ತೆಗೆದುಕೊಳ್ಳುತ್ತಿದ್ದವನು ನಾನು — ಒಂದು ಮನೆಗೆ ಅದನ್ನು ಹೊತ್ತುಕೊಂಡು ಹೋಗಿ ಹಾಕಿದವನೂ ನಾನೇ.

ಮಾಸ್ತರರ ಮಿದುಳಿನಿಂದ ಉಪಯೋಗವಾಯಿತು, ಅದು ನಿಜ. ಎರಡು ಬಗೆಯ ಕೆಡುಕು ಒಂದೇ ಮಿದುಳಿನಲ್ಲಿ ಸೇರಿಕೊಂಡದ್ದನ್ನು ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು, ಹುಡುಗಿಯಂತೆ ಖುಷಿಪಟ್ಟರು. ನನಗೂ ಖುಷಿಯಾಯಿತು. ಅದನ್ನು ಇಲ್ಲಿ ಬರೆಯುತ್ತಿರುವುದು ತಕ್ಕಡಿಯ ಇನ್ನೊಂದು ಕಡೆ ಇಡಲಿಕ್ಕಲ್ಲ. ನಿಜ ಹೇಳಿದ್ದರೂ ಆ ಮಿದುಳು ಬರುತ್ತಿತ್ತೇನೋ. ಕೇಳಲಿಲ್ಲವಲ್ಲ.

ವರ್ಷಗಳು ಹೋದವು. ಆ ಸಭೆಯಾದ ಮೇಲೆ ಎಷ್ಟೋ ಸಲ ಕಮತಗಿಯ ಮೇಲೆ ಹಾದುಹೋದೆ, ಇಳಿಯಲಿಲ್ಲ. ಮೊನ್ನೆ ಶಾಂತವ್ವನವರೇ ವಿದ್ಯಾಗಿರಿಗೆ ಬಂದರು. ಚೀಲದಲ್ಲಿ ನನಗೆಂದು ರೊಟ್ಟಿ, ಶೇಂಗಾ ಹಿಂಡಿ. ಸೊರಗಿದ್ದರು, ಬುದ್ಧಿ ಮಾತ್ರ ಚುರುಕಾಗಿತ್ತು. ಕೂತವರೇ ಬಂದ ಕೆಲಸ ಹೇಳಿದರು.

"ಅವರದು ಒಂಚೂರು ತಗೊಂಡಿದ್ರಿ, ಭಾಳ ಉಪಯೋಗ ಆತಂತ ಡಾಕ್ಟರಮ್ಮ ಹೇಳಿ ಕಳಿಸಿದ್ರು. ನಂದೂ ಒಂಚೂರು ತಗೋರಿ ತಮ್ಮಾ. ಬ್ಯಾನಿ ಇಲ್ಲದವರದೂ ಬೇಕಾಗ್ತೈತಂತಲ್ಲ. ಆದ್ರ ಒಂದ ಮಾತು. ಔಷಧ ಹಾಕೂಕಿಂತ ಮೊದಲ ನನ್ನ ಮಗಳು ನನ್ನ ತಲಿಗೆ ಎರೀಲಿ. ನನಗಂತೂ ಆಗಲಿಲ್ಲ, ಅಕಿಗರೆ ಆಗಲಿ."

ನನ್ನ ಹಳೆಯ ಮಾತನ್ನೇ, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ, ಅವರು ಇಷ್ಟು ವರ್ಷ ಜತನವಾಗಿ ಇಟ್ಟುಕೊಂಡಿದ್ದರು. ನಾನು ಹ್ಞೂಂ ಎಂದಿದ್ದರೆ ಸಹಿ ಹಾಕಿ ಬಸ್ಸು ಹತ್ತುತ್ತಿದ್ದರು. ಅದೂ ಒಂದು ಕ್ಷಣ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ.

ಹೇಳಿದೆ. ಒಂಚೂರು ಅಲ್ಲ, ಪೂರಾ ತೆಗೆದದ್ದನ್ನು. ಔಷಧ ಇರಲಿಲ್ಲ, ಹತ್ತುವಂಥದ್ದು ಏನೂ ಇರಲಿಲ್ಲ ಎಂಬುದನ್ನು. ಹೊಲಿಗೆ, ಅಂಗಡಿಯ ರುಮಾಲು, ಎಲ್ಲವನ್ನೂ. ನನ್ನ ಚೆಂದದ ಮಾತುಗಳು ಒಂದೂ ಬರಲಿಲ್ಲ. ಬಂದಷ್ಟನ್ನು ಹೇಳಿದೆ.

ಶಾಂತವ್ವ ಬೈಯಲಿಲ್ಲ. ತಮ್ಮ ಅಂಗೈ ನೋಡಿಕೊಂಡರು.

"ಪೂರಾ ಅಂದಿದ್ರೂ ಕೊಡ್ತಿದ್ದೆ," ಎಂದರು. "ಅವರು ಆಡಿದ ಮಾತಲ್ಲೇನು." ಆಮೇಲೆ ಕೇಳಿದರು: "ಅಲ್ಲೆ ಅವರ ತಲಿ ತೊಳದ್ರೆಲ್ಲ — ಬಿಸಿನೀರಾಗ ತೊಳದ್ರೋ, ತಣ್ಣೀರಾಗೋ?"

ತೊಳೆಯುವಾಗ ನಾನು ಶವಾಗಾರದಲ್ಲೇ ನಿಂತಿದ್ದೆ. ಪೈಪು ನೋಡಿದ್ದೆ. ಬಿಸಿನೀರಾಗ್ರಿ ಎಂದಿದ್ದರೆ ಅವರಿಗೆ ಎಷ್ಟು ಸಮಾಧಾನವಾಗುತ್ತಿತ್ತೋ — ನನಗೂ.

"ತಣ್ಣೀರಾಗ್ರಿ," ಎಂದೆ.

"ಅವರಿಗೆ ತಣ್ಣೀರ ಆಗಿಬರ್ತಿದ್ದಿಲ್ಲ," ಎಂದರು ಶಾಂತವ್ವ.

ಚೀಲ ತೆಗೆದುಕೊಂಡು ಎದ್ದರು. ಸಹಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ನಾನು ಬಸ್ ನಿಲ್ದಾಣದವರೆಗೆ ಅವರ ಹಿಂದೆ ನಡೆದೆ. ಬರುವ ಸೋಮವಾರ ಕಮತಗಿಗೆ ಹೋಗುತ್ತೇನೆ. ಆ ಓಣಿಯ ಮನೆಮನೆಗೆ ಹೋಗಿ, ಮಾಸ್ತರರ ತಲೆ ಮುಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ನಾನು ಹೇಳಿದ್ದು ಸುಳ್ಳು ಎಂದು ಹೇಳಬೇಕು. ಕೊನೆಗೆ ಶಾಂತವ್ವನವರ ಮನೆ. ಅವರು ಬಾಗಿಲು ತೆರೆಯದಿದ್ದರೆ ಹೊರಗೇ ನಿಂತಿರುತ್ತೇನೆ.