ಮೆರವಣಿಗೆಯ ಗಾಡಿಗೊಂದು ಕಾರ್ಬುರೇಟರ್

ತಂಗಿಯ ಮದುವೆ ಹತ್ತಿರ ಬಂದಾಗಲೇ ನಮ್ಮ ಗಾಡಿಯ ಇಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರ್ ಕೈಕೊಟ್ಟಿತು. ಎಂಬತ್ತರ ದಶಕದ ಆರಂಭದ ಮಾತಿದು. ಗಾಡಿ ಎಂದರೆ ಅಪ್ಪ ಯಾವ ಕಾಲಕ್ಕೋ ಒಬ್ಬ ದೇಸಾಯರಿಂದ ಕೊಂಡಿದ್ದ, ಆರು ಸಿಲಿಂಡರಿನ, ಮೇಲಿನ ಬಟ್ಟೆಯ ಟಪ್ಪು ಮಡಚುವ ಅಮೆರಿಕದ ಕಾರು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮದುವೆಗಳಲ್ಲಿ ಮದುಮಕ್ಕಳನ್ನು ಮೆರವಣಿಗೆ ಮಾಡಿಸುವುದೇ ಅದರ ಕಸುಬು. ಅಪ್ಪನ ಕಣ್ಣು ಮಂಜಾದ ಮೇಲೆ ಸ್ಟಿಯರಿಂಗು ನನ್ನ ಕೈಗೆ ಬಂದಿತ್ತು.

ಮೆರವಣಿಗೆಯ ಗಾಡಿ ಓಡುವುದಿಲ್ಲ, ತೆವಳುತ್ತದೆ. ಮುಂದೆ ಬಾಜಾದವರು, ಅವರ ಹಿಂದೆ ಕುಣಿಯುವ ಮಂದಿ, ಅವರ ಬೆನ್ನಿಗೆ ಅಂಟಿಕೊಂಡಂತೆ ನಮ್ಮ ಬಂಪರು. ಗಾಡಿ ಜಗ್ಗಿದರೆ ಕುಣಿಯುವವನ ಕಾಲು ಹೋಗುತ್ತದೆ, ಬಂದ್ ಬಿದ್ದರೆ ಹುಡುಗಿಯ ಮಾನ ಹೋಗುತ್ತದೆ. ಎರಡನೆಯದನ್ನು ನಾನು ಕಣ್ಣಾರೆ ಕಂಡಿದ್ದೆ. ಹಿಂದಿನ ವರ್ಷ ಅಫಜಲಪುರದ ಒಂದು ಮದುವೆಯಲ್ಲಿ ಗಾಡಿ ಮೇಲಿಂದ ಮೇಲೆ ನಿಂತುಬಿಟ್ಟಿತು. ಹುಡುಗನ ಕಡೆಯ ಮುದುಕಿಯೊಬ್ಬಳು, "ಗಾಡಿಗೇನಾಗ್ಯದ? ಹುಡುಗಿ ಕಾಲ್ಗುಣಾನೇ ಹಂಗದ" ಎಂದಳು. ಅಷ್ಟೇ ಸಾಕಾಯಿತು. ಆಮೇಲೆ ಆ ಮನೆಯಲ್ಲಿ ಎಮ್ಮೆ ಗೊಡ್ಡಾದರೂ ಆ ಸೊಸೆಯ ಕಾಲ್ಗುಣದ ಮಾತೇ ಎಂದು ಕೇಳಿದೆ. ನಮ್ಮ ಕಬ್ಬಿಣದ ತಪ್ಪನ್ನು ಆ ಹುಡುಗಿ ಹೊತ್ತಿದ್ದಳು. ಈಗ ಅದೇ ಗಾಡಿಯಲ್ಲಿ ನನ್ನ ತಂಗಿ ಕೂರಬೇಕಾಗಿತ್ತು.

"ನಾವು ಶರಣರ ಮಾರ್ಗದವ್ರು. ಶಕುನ ಗಿಕುನ ನಮಗಿಲ್ಲ" ಎಂದು ಅಪ್ಪ ಎಲ್ಲರೆದುರು ಹೇಳುತ್ತಿದ್ದ. ಯಾರೂ ಇಲ್ಲದಾಗ ನನ್ನ ಹತ್ತಿರ ಬಂದು, "ಗಾಡಿ ನಿಂದ್ರಂಗಿಲ್ಲ ಹೌದಿಲ್ಲೋ?" ಎಂದು ಕೇಳುತ್ತಿದ್ದ. ಬೇರೆ ಗಾಡಿ ತರಿಸೋಣವೆಂದರೆ ಸಿಡಿದೇಳುತ್ತಿದ್ದ. ಊರ ಮಕ್ಕಳನ್ನೆಲ್ಲ ಮೆರೆಸಿದವನು ತನ್ನ ಮಗಳಿಗೆ ಮಂದಿಯ ಗಾಡಿ ತರುವುದೇ?

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಮಿಸ್ತ್ರಿ ಚಾಚಾನ ಶೆಡ್ಡಿತ್ತು. ಹಳೆಯ ಕಾರ್ಬುರೇಟರನ್ನು ಅಲುಗಿಸಿ ನೋಡಿದ ಚಾಚಾ, ಸವೆದು ಸವೆದು ಅದರ ತೂತುಗಳೆಲ್ಲ ಬಾಯಿ ಬಿಟ್ಟಿವೆ, ಇನ್ನು ರಿಪೇರಿಯ ಮಾತಿಲ್ಲ ಎಂದ. ಪೇಟೆಯ ಅಂಗಡಿಯಲ್ಲಿ ನಾಲ್ಕು ಸಿಲಿಂಡರಿನ ಜೀಪಿನದು ಹೊಸದು ಸಿಗುತ್ತಿತ್ತು. ಡಬ್ಬಿ ಬಿಚ್ಚಿ ನೋಡಿದೆ. ಅದರ ಹೊಳಪಿಗೆ ನನ್ನ ಅರ್ಧ ಚಿಂತೆ ಕರಗಿತು. ಚಾಚಾ ಒಪ್ಪಲಿಲ್ಲ. "ನಾಲ್ಕು ಮಂದಿಗಿ ಮಾಡಿದ ಅಡಿಗಿ ಆರು ಮಂದಿಗಿ ಬಡಿಸಿದ್ಹಂಗ ಆಗ್ತದ ತಮ್ಮಾ. ಕಡೀಗಿ ಕುಂತ ಸಿಲಿಂಡರ್ ಉಪಾಸ ಬೀಳ್ತಾವ."

ಹಾಗಾದರೆ ಲಾರಿಯದೇ ಇರಲಿ ಎಂದು ಶೆಡ್ಡಿನಲ್ಲಿದ್ದ ಒಂದನ್ನು ಹಾಕಿಸಿ ನೋಡಿದೆ. ಕಾಲು ತಾಗಿಸಿದರೆ ಸಾಕು, ಗಾಡಿ ಹುಚ್ಚು ಹೋರಿಯಂತೆ ಮುಂದಕ್ಕೆ ನೆಗೆಯಿತು. ಬಿಚ್ಚಿಸಿದೆ. ಮತ್ತೆ ಜೀಪಿನದೇ ವಾಸಿಯೆನಿಸಿ ಅಂಗಡಿಯತ್ತ ಹೊರಟೆ, ಅರ್ಧ ದಾರಿಗೆ ತಿರುಗಿ ಬಂದೆ. ಚಾಚಾ ಬೀಡಿ ಹಚ್ಚಿ, "ನೀ ಮೊದಲು ಕುಂಡ್ರು" ಎಂದ. ನನಗೆ ಕೂರಲಾಗುತ್ತಿರಲಿಲ್ಲ. ಆ ದಿನಗಳಲ್ಲಿ ಅನ್ನ ಮುಂದಿಟ್ಟರೂ ಎರಡು ತುತ್ತಿಗೆ ಎದ್ದು ಗಾಡಿಯ ಹತ್ತಿರ ಹೋಗುತ್ತಿದ್ದೆ.

ಕೊನೆಗೆ ಅಫಜಲಪುರದಲ್ಲಿ ನಮ್ಮದೇ ಜಾತಿಯ ಇನ್ನೊಂದು ಗಾಡಿ ದನದ ಕೊಟ್ಟಿಗೆಯಲ್ಲಿ ಕೋಳಿಗಳ ಮನೆಯಾಗಿ ಬಿದ್ದಿರುವ ಸುದ್ದಿ ಸಿಕ್ಕಿತು. ಬಸ್ಸು ಹಿಡಿದು ಹೋಗಿ ಅದರ ಕಾರ್ಬುರೇಟರ್ ಬಿಚ್ಚಿ, ಪಂಚೆಯಲ್ಲಿ ಸುತ್ತಿ ತಂದೆ. ಕೋಳಿ ಪುಕ್ಕ ಅಂಟಿದ್ದ ಆ ಹಳೆಯದನ್ನು ಆರಿಸಿದ್ದು ಸರಿಯೋ ತಪ್ಪೋ ಎಂದು ಬಸ್ಸಿನುದ್ದಕ್ಕೂ ಅದನ್ನು ಎದೆಗವಚಿಕೊಂಡು ಕುಳಿತಿದ್ದೆ. ಚಾಚಾ ತೊಳೆದು, ಸವೆದ ಕಡೆ ಹೊಸ ಬುಷ್ ಕೂರಿಸಿ, ಅದನ್ನು ಗಾಡಿಗೆ ಜೋಡಿಸಿದ.

ಪರೀಕ್ಷೆಗೆ ನಿಂತವಳು ತಂಗಿಯೇ. ಕಿಣ್ಣಿ ಸುಲ್ತಾನದ ಕಡೆ ಹೋಗುವ ದಾರಿಯಲ್ಲಿ, ಬೆಳಗಿನ ತಂಪಿನಲ್ಲಿ, ಅವಳು ಬಾಜಾದವರಂತೆ ಬಾಯಲ್ಲೇ ಢಂಢಂ ಎನ್ನುತ್ತ ಮುಂದೆ ಕುಣಿದಳು. ನಾನು ಹಿಂದೆ ತೆವಳಿದೆ. ಬಾನೆಟ್ಟಿನ ಮೇಲಿಟ್ಟ ತುಂಬಿದ ಲೋಟದಿಂದ ಹನಿ ನೀರೂ ಚೆಲ್ಲಲಿಲ್ಲ. "ಇನ್ನರ ಉಣ್ಣು ಅಣ್ಣಾ" ಎಂದಳು. ಗಾಡಿಯ ಜೊತೆಗೇ ಬೆಳೆದವಳು ಅವಳು. ಬೇಸಿಗೆಯಲ್ಲಿ ಇಂಜಿನ್ ಕಾದು ಪೆಟ್ರೋಲು ಏರದಿದ್ದರೆ ತಂಬಿಗೆ ಹಿಡಿದು ಓಡಿ, ಪೆಟ್ರೋಲು ಎತ್ತುವ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಚಿಕ್ಕಂದಿನಿಂದ ಅವಳ ಕೆಲಸವೇ ಆಗಿತ್ತು.

ಮದುವೆಯ ದಿನ ಅಕ್ಷತೆ ಬಿದ್ದ ಮೇಲೆ, ಇಳಿಬಿಸಿಲಿಗೆ ಮೆರವಣಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ತಂಗಿ, ಪಕ್ಕದಲ್ಲಿ ಜೇವರ್ಗಿಯ ಮದುಮಗ. ನಮ್ಮ ಸೋದರತ್ತೆಯರು ಮನೆಯ ಮಗಳ ಗಾಡಿಯೆಂಬ ಅಕ್ಕರೆಗೆ ಗಾಡಿಯ ಮುಂದಿನ ಜಾಲರಿಯನ್ನು ಪೂರ್ತಿ ಮುಚ್ಚುವಂತೆ ಚೆಂಡುಹೂವಿನ ದಪ್ಪ ಪರದೆ ಕಟ್ಟಿದ್ದರು. ಚಂದ ಕಂಡಿತು. ಇಂಜಿನ್ ತಂಪಾಗಿಡುವ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕು ಎನ್ನುವುದು ನನಗಾಗಲಿ ಅಪ್ಪನಿಗಾಗಲಿ ಹೊಳೆಯಲೇ ಇಲ್ಲ. ನಮ್ಮ ಧ್ಯಾನವೆಲ್ಲ ಕಾರ್ಬುರೇಟರಿನ ಮೇಲಿತ್ತು.

ಬಜಾರದ ಚೌಕಿಗೆ ಬಂದಾಗ ಇಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ಬಂದ್ ಬಿತ್ತು. ಸೆಲ್ಫ್ ಹೊಡೆದೆ. ಇಲ್ಲ. ಮತ್ತೆ ಹೊಡೆದೆ. ಬಾಜಾ ನಿಂತಿತು. ಪಕ್ಕದಲ್ಲಿ ನಡೆಯುತ್ತಿದ್ದ ಅಪ್ಪ ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೀಗರ ಕಡೆಯ ಹಿರಿಯಳೊಬ್ಬಳು ಪಕ್ಕದವಳ ಕಿವಿಯತ್ತ ಬಾಗಿದಳು. ಮುಗಿಯಿತು, ನನ್ನ ಕೈಯಾರೆ ತಂಗಿಯ ಬಾಳಿಗೆ ಮಾತು ತಂದೆ ಅನಿಸಿತು.

ಆಗ ಹಿಂದಿನಿಂದ ತಂಗಿಯ ದನಿ ಎಲ್ಲರಿಗೂ ಕೇಳುವಂತೆ ಬಂತು. "ನಿಲ್ಸು ಅಂದ ಕೂಡ್ಲೆ ನಿಲ್ಸಿದಿ ಅಣ್ಣಾ, ಚೊಲೋ ಆತು. ನನಗ ಭಾಳ ನೀರಡಿಕಿ ಆಗ್ಯದ."

ಅವಳು ನಿಲ್ಲಿಸೆಂದು ಹೇಳಿಯೇ ಇರಲಿಲ್ಲ. ಯಾರೋ ಓಡಿ ತಂಬಿಗೆ ತಂದರು. "ಇದು ಎಲ್ಲಿಗಿ ಸಾಲ್ತದ್ರಿ? ಕೊಡಾನೇ ತರ್ರಿ" ಎಂದಳು. ಕಿವಿಗೆ ಬಾಗಿದ್ದ ಹಿರಿಯಳು ಹೇಳಬೇಕೆಂದಿದ್ದನ್ನು ಬಿಟ್ಟು ನಕ್ಕುಬಿಟ್ಟಳು. "ಅಯ್ಯ, ಇಂಥಾ ನೀರಡಿಕಿ ನಾ ಎಲ್ಲೂ ನೋಡಿಲ್ಲ ಬೇ!"

ತಂಗಿ ಕೊಡದಿಂದ ಎರಡು ಗುಟುಕು ಕುಡಿದು, ಅದನ್ನು ನನ್ನತ್ತ ಚಾಚಿದಳು. "ಉಳದಿದ್ದು ಚೆಲ್ಲಬ್ಯಾಡ." ನೀರು ಬೇಕಾದದ್ದು ಅವಳಿಗಲ್ಲ, ಕಾದ ಇಂಜಿನ್ನಿಗೆ ಎಂದು ನನಗೆ ಆಗ ತಿಳಿಯಿತು. ಕೆಳಗಿಳಿದು ಹೂವಿನ ಪರದೆ ಕಿತ್ತು ಕುಣಿಯುವವರ ಮೇಲೆ ಎರಚಿದೆ. ಅವರು ಖುಷಿಯಿಂದ ಕೂಗಿದರು, ಬಾಜಾ ಮತ್ತೆ ಶುರುವಾಯಿತು. ಬಾನೆಟ್ ಎತ್ತಿ, ತಲೆಗೆ ಸುತ್ತಿದ್ದ ಹೊಸ ರುಮಾಲನ್ನು ಕೊಡದಲ್ಲಿ ಅದ್ದಿ ಪಂಪಿಗೂ ಕಾರ್ಬುರೇಟರಿಗೂ ಸುತ್ತಿದೆ. ಬುಸ್ಸೆಂದು ಹಬೆ ಎದ್ದಿತು. ಆ ಹಾಡು ಮುಗಿಯುವುದರೊಳಗೆ ಗಾಡಿ ಚಾಲೂ ಆಯಿತು.

ಜೇವರ್ಗಿಯ ಆ ಮನೆಯಲ್ಲಿ ತಂಗಿ ಕೊಡ ಕುಡಿದ ಸೊಸೆಯಾಗಿಯೇ ಉಳಿದಳು. ಅವಳ ಅತ್ತೆ ಬಂದವರೆದುರು ಅದನ್ನು ಹೇಳಿ ನಗುತ್ತಿದ್ದರು, ತಂಗಿ "ಹೌದ್ರಿ" ಎಂದು ತಾನೂ ನಗುತ್ತಿದ್ದಳು. ಎಮ್ಮೆ ಗೊಡ್ಡಾದಾಗಲೂ ಅಲ್ಲಿ ಕಾಲ್ಗುಣದ ಮಾತು ಬರಲಿಲ್ಲ. ನಾನು ಹೋದಾಗಲೆಲ್ಲ ತಂಗಿ ಮೊದಲು ತುಂಬಿದ ತಂಬಿಗೆ ತಂದು ಕೈಗಿಡುತ್ತಾಳೆ. ನೀರಡಿಕೆ ಇರಲಿ ಬಿಡಲಿ, ನಾನು ಅದನ್ನು ಪೂರ್ತಿ ಕುಡಿಯುತ್ತೇನೆ.