ಸೋಬಾನದ ನಡುವೆ ಚಹಾ

ಇಳಕಲ್ಲಿನ ನೇಕಾರ ಅಮೀನಪ್ಪನಿಗೆ ನಕಲು ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಪವರ್‌ಲೂಮ್ ಸೀರೆ ಉಟ್ಟು ಪಕ್ಕದಲ್ಲಿ ಕೂತರೆ ಮುಗಿಯಿತು. ಕೈಮಗ್ಗದ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿರುತ್ತಾರೆ, ನಿಮ್ಮದರಲ್ಲಿ ಅದೆಲ್ಲಿದೆ ಎಂದು ಪಾಠ ಶುರುವಾಗುತ್ತಿತ್ತು. ಹುನಗುಂದ ಬರುವುದರೊಳಗೆ ಆಕೆ ಸೀಟು ಬದಲಿಸಿರುತ್ತಿದ್ದಳು.

ಅವನ ಹೆಂಡತಿ ಬಾಳವ್ವ ಮದುವೆಯ ಸೋಬಾನ ಪದ ಹಾಡುವುದರಲ್ಲಿ ಎತ್ತಿದ ಕೈ. ಎರಡು ಸಾವಿರದ ನಾಲ್ಕರಲ್ಲಿ ಬಾಗಲಕೋಟೆಯ ಸ್ಟುಡಿಯೋದ ಯುವರಾಜ ಆಕೆಯ ಎಂಟು ಪದಗಳ ಸಿ.ಡಿ. ತಂದ. ಐನೂರು ಪ್ರತಿ ಯುಗಾದಿಯೊಳಗೆ ಹೋದರೆ ಎರಡನೆಯದು, ಇಲ್ಲವಾದರೆ ಇಷ್ಟಕ್ಕೇ ಸಾಕು ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಬಾಳವ್ವನ ತಲೆಯಲ್ಲಿ ಅವ್ವ ಕಲಿಸಿದ ಪದಗಳು ಇನ್ನೂ ನಲವತ್ತಿದ್ದವು. ಕಲಿಯುವವರು ಯಾರೂ ಇರಲಿಲ್ಲ. ಅವು ತನ್ನ ಜೊತೆಗೇ ಮಣ್ಣಾಗುತ್ತವಲ್ಲ ಎಂಬ ಸಂಕಟ ಆಕೆಗೆ.

ಯುಗಾದಿಗೆ ಒಂದು ತಿಂಗಳಿದ್ದಾಗ ನೋಡಿದರೆ ಮುನ್ನೂರು ಸಿ.ಡಿ. ಸ್ಟುಡಿಯೋದ ಡಬ್ಬಿಯಲ್ಲೇ ಕೂತಿದ್ದವು. ಆದರೆ ಊರೂರಿನ ಮದುವೆ ಹಂದರದಲ್ಲಿ ಬಾಳವ್ವನ ದನಿಯೇ ದನಿ. ಯಾವನೋ ನಕಲು ಮಾಡಿ ಮಾರುತ್ತಿದ್ದಾನೆಂದು ಅಮೀನಪ್ಪ ಕೆಂಡವಾದ. ಕಮತಗಿ ಬಸ್‌ಸ್ಟ್ಯಾಂಡಿನ ಹನಮಪ್ಪನ ಅಂಗಡಿಯಲ್ಲಿ ಅಂಥದೊಂದು ಸಿಕ್ಕೇಬಿಟ್ಟಿತು. ಅದನ್ನು ಬಿಸಿಲಿಗೆ ಹಿಡಿದ, ಮಗುಚಿದ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಸೀರೆಯ ಕಳ್ಳತನ ಹಿಡಿಯುವ ಬೆರಳಿಗೆ ಇಲ್ಲಿ ಏನೂ ಹತ್ತಲಿಲ್ಲ. ಇದನ್ನು ಮಾಡಿದವನ ಹೆಸರು ಹೇಳು ಎಂದು ಗುಡುಗಿದಾಗ ಜನ ಕೂಡಿತು. ಹನಮಪ್ಪ ಅಂಜುತ್ತಲೇ ಸಿ.ಡಿ. ಹಚ್ಚಿದ.

ಬಾಳವ್ವ ಹಾಡತೊಡಗಿದಳು. ಹಿಂದೆ ಟಕ್ ಟಕ್ ಎಂದು ಮಗ್ಗದ ಸಪ್ಪಳ. ಸ್ಟುಡಿಯೋದಲ್ಲಿ ಮಗ್ಗ ಎಲ್ಲಿಂದ ಬಂತು ಎಂದು ಅಮೀನಪ್ಪ ಯೋಚಿಸುವಷ್ಟರಲ್ಲಿ ಮೂರನೆಯ ನುಡಿಯ ನಡುವೆ ಒಂದು ಗಡುಸು ದನಿ ಬಂತು.

“ಏ, ಕೇಳಿಸ್ತೈತೇನು? ಚಾ ಆತೇನು?”

ನೆರೆದವರಲ್ಲಿ ನಾಲ್ಕು ಮಂದಿ ಅದನ್ನು ಜೊತೆಗೇ ಹೇಳಿದರು. ಅವರಿಗೆ ಬಾಯಿಪಾಠವಾಗಿತ್ತು. ಈ ಮನುಷ್ಯ ಯಾರೆಂದು ಎಲ್ಲರೂ ಕೇಳುತ್ತಾರೆ ಎಂದ ಹನಮಪ್ಪ.

ಆ ದನಿ ಅಮೀನಪ್ಪನದೇ ಆಗಿತ್ತು. ಕಮತಗಿಯಲ್ಲಿರುವ ಅವನ ತಂಗಿಯ ಮಗಳು ಸುಮಾಳ ಮನೆಯಲ್ಲಿ ಸಿ.ಡಿ. ಪ್ಲೇಯರ್ ಇರಲಿಲ್ಲ, ಟೇಪ್‌ರೆಕಾರ್ಡರ್ ಇತ್ತು. ಮನೆಯ ಹಾಡು ತಾನೇ ಎಂದು ಅವನೇ ಮಗ್ಗದ ಕೋಣೆಯಲ್ಲಿ ಟೇಪ್‌ರೆಕಾರ್ಡರನ್ನು ತನ್ನ ಪ್ಲೇಯರಿನ ಮುಂದಿಟ್ಟು ಕ್ಯಾಸೆಟ್ ತುಂಬಿಸಿ ಕಳಿಸಿದ್ದ. ಅದು ತುಂಬುವಾಗ ನೇಯುತ್ತ ಕೂತಿದ್ದವನು ಚಹಾದ ನೆನಪಾಗಿ ಹೆಂಡತಿಯನ್ನು ಕೂಗಿದ್ದ. ಸುಮಾಳ ಕ್ಯಾಸೆಟ್ ಕೈಯಿಂದ ಕೈಗೆ ದಾಟಿ ಹನಮಪ್ಪನ ಕಂಪ್ಯೂಟರಿಗೆ ಬಂದು, ಅಲ್ಲಿಂದ ಸಿ.ಡಿ.ಗಳಾಗಿ ಊರೂರು ಸೇರಿತ್ತು.

ಮನೆಗೆ ಬಂದು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಬಾಳವ್ವ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

“ಪವರ್‌ಲೂಮಿನವ್ರಿಗೆ ದಿನಾ ಬೈತೀರಿ. ನನ್ನ ಹಾಡೂ ನಿಮ್ಮ ಸೀರಿಹಂಗ ದುಡಿಮಿ ಅಂತ ಒಂದು ದಿನಾನೂ ಅನಸಲಿಲ್ಲೇನ್ರಿ?”

 

ಮರುದಿನ ಬಾಗಲಕೋಟೆಗೆ ಹೋಗಿ ಆ ಮುನ್ನೂರನ್ನೂ ಹೊತ್ತು ತಂದ. ಇನ್ನು ಮೇಲೆ ಅಸಲಿಯನ್ನೇ ಮಾರುತ್ತೇನೆಂದು ಹನಮಪ್ಪನಿಂದ ಮಾತು ತೆಗೆದುಕೊಂಡ. ನಕಲು ಸಿ.ಡಿ. ಹಚ್ಚುತ್ತಿದ್ದ ಮದುವೆಗಳಿಗೆ ಕರೆಯದಿದ್ದರೂ ಹೋದ, ಮೈಕ್ ಕೇಳಿ ಇಸಿದುಕೊಂಡ.

“ಚಾ ಕೇಳಿದಾಂವ ನಾನ್ರಿ. ಇದು ಕದ್ದ ಹಾಡು, ಕದ್ದಾಂವನೂ ನಾನ. ಚಾ ಇಲ್ಲದ್ದು ಇಲ್ಲೈತಿ, ತಗೋರಿ.”

ಬಸ್ಸಿನಲ್ಲಿ ಅವನ ಪಾಠ ಕೇಳಿ ಬೇಸತ್ತಿದ್ದ ಹೆಂಗಸರೇ ಮೊದಲು ಬಂದು ಕೊಂಡರು. ಕೊಳ್ಳುವಾಗ ಕೊಂಡಿ ಎಲ್ಲಿದೆ ಎಂದು ಕೇಳಿದರು. ಅವನು ಎಲ್ಲವನ್ನೂ ನುಂಗಿಕೊಂಡ. ಯುಗಾದಿಗೆ ಎರಡು ದಿನವಿದ್ದಾಗ ಕೊನೆಯ ಸಿ.ಡಿ. ಹೋಯಿತು.

ಎರಡನೆಯದರ ಧ್ವನಿಮುದ್ರಣದ ದಿನ ಅಮೀನಪ್ಪ ಸ್ಟುಡಿಯೋದ ಮೂಲೆಯಲ್ಲಿ ರುಮಾಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಕೆಮ್ಮು ಬಂದರೂ ಕೆಮ್ಮಲಿಲ್ಲ. ಕೊನೆಯ ಪದ ಮುಗಿಸಿ, ಕೆಂಪು ದೀಪ ಆರಿದ್ದನ್ನು ನೋಡಿಕೊಂಡು ಬಾಳವ್ವ ಅವನ ಕಡೆ ತಿರುಗಿದಳು.

“ಹಾಂ, ಈಗ ಕೇಳ್ರಿ ಚಾ.”